ಫೈಬರ್ ಟ್ಯಾಂಕಿಗೆ ಇ20 ಪೆಟ್ರೋಲ್ ಹಾಕಿದರೆ ಏನಾಗುತ್ತದೆ?

2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಆಗ ದೇಶದ 84 ಬಂಕುಗಳಲ್ಲಷ್ಟೇ ಸಿಗುತ್ತಿದ್ದ ಅದು 2025ರ ಹೊತ್ತಿಗೆ ಎಲ್ಲ ಕಡೆಯ ಮಾಮೂಲಿ ಪೆಟ್ರೋಲೇ ಆಯಿತು. ಇ20 ಅಂದರೆ ನೂರು ಲೀಟರಿಗೆ 20 ಲೀಟರ್ ಎಥನಾಲ್, ಉಳಿದದ್ದು ಪೆಟ್ರೋಲ್. ಮೈಲೇಜ್ ಎಷ್ಟು ಇಳಿಯುತ್ತದೆ, ರಬ್ಬರ್ ಪೈಪು ತಡೆಯುತ್ತದೆಯೇ ಎಂಬ ಚರ್ಚೆ ಸಾಕಷ್ಟು ಆಗಿದೆ. ಆ ಇಂಧನ ಹಗಲೂ ರಾತ್ರಿ ನಿಂತಿರುವ ಟ್ಯಾಂಕಿನ ಬಗ್ಗೆ ಮಾತು ಕಡಿಮೆ.

ಹೆಚ್ಚಿನವರು ಟ್ಯಾಂಕಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ನಿಜ. ಆದರೆ ಬೈಕನ್ನು ಕೆಫೆ ರೇಸರ್ ಆಗಿ ಮಾರ್ಪಡಿಸಿ ಫೈಬರ್ ಟ್ಯಾಂಕ್ ಕೂರಿಸಿಕೊಂಡವರು, ಒಡಲಿನೊಳಗೇ ಫೈಬರ್ ಟ್ಯಾಂಕ್ ಇರುವ ಹಳೆಯ ಮೋಟಾರು ದೋಣಿ ಇಟ್ಟುಕೊಂಡವರು, ಕಿಟ್ ತಂದು ಸಣ್ಣ ವಿಮಾನ ಕಟ್ಟುವವರು ಮುಂದಿನದನ್ನು ಓದಲೇಬೇಕು. ಇವರು ಕೇಳಬೇಕಾದ್ದು ‘ಫೈಬರ್ ಆದೀತೇ’ ಎಂದಲ್ಲ. ಗಾಜಿನ ಎಳೆಗಳನ್ನು ಹಿಡಿದಿಡುವ ರೆಸಿನ್ ಎಂಬ ಅಂಟು ಯಾವುದು, ಅದು ಎಷ್ಟು ಚೆನ್ನಾಗಿ ಗಟ್ಟಿಯಾಗಿದೆ ಎಂದು. ಉತ್ತರವೆಲ್ಲ ಅದರಲ್ಲೇ ಇದೆ.

ನಿಮ್ಮದು ಯಾವ ಟ್ಯಾಂಕು?

ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿಕೊಂಡರೆ ಉಕ್ಕು. ನಮ್ಮ ಬೈಕುಗಳಲ್ಲಿ ಬಹುಪಾಲು ಇದೇ. ಉಕ್ಕಿಗೆ ಎಥನಾಲ್‌ಗಿಂತ ಅದು ಹೀರಿ ತರುವ ನೀರಿನ ಕಾಟ ಹೆಚ್ಚು. ತುಕ್ಕು ಬೇರೆಯೇ ವಿಷಯ, ಇಲ್ಲಿಗೆ ಬೇಡ.

ಕಾರುಗಳ ಪ್ಲಾಸ್ಟಿಕ್ ಟ್ಯಾಂಕಿನ ಕೆಳಭಾಗದಲ್ಲಿ ಪಿಇ-ಎಚ್‌ಡಿ ಎಂಬ ಅಚ್ಚು ಇರುತ್ತದೆ. ಈಗಿನವು ಸಾಮಾನ್ಯವಾಗಿ ಆರು ಪದರದವು. ಒಳಗೂ ಹೊರಗೂ ಪಾಲಿಎಥಿಲೀನ್, ನಡುವೆ ಇವಿಒಎಚ್ ಎಂಬ ತೆಳುವಾದ ತಡೆಪದರ, ಅದರ ಎರಡೂ ಬದಿಗೆ ಅಂಟಿನ ಪದರ, ಜೊತೆಗೆ ಕಾರ್ಖಾನೆಯಲ್ಲಿ ಉಳಿದ ಚೂರುಗಳನ್ನು ಮತ್ತೆ ಕರಗಿಸಿ ಮಾಡಿದ ಒಂದು ಪದರ. ಎಥನಾಲ್ ಇದ್ದರೆ ಆವಿ ಸೋರುವುದು ಸ್ವಲ್ಪ ಹೆಚ್ಚುತ್ತದೆಯೇ ಹೊರತು ಟ್ಯಾಂಕು ಕರಗುವುದಿಲ್ಲ. ಕೆಲವು ಆಮದು ಬೈಕುಗಳಲ್ಲಿ ನೈಲಾನ್ ಟ್ಯಾಂಕು ಇರುತ್ತದೆ. ನೈಲಾನ್ ಎಥನಾಲನ್ನೂ ನೀರನ್ನೂ ಹೀರಿ ಉಬ್ಬುತ್ತದೆ. ಬಿಚ್ಚಿದ ಟ್ಯಾಂಕನ್ನು ಮತ್ತೆ ಕೂರಿಸಲು ಹೋದರೆ ಬೋಲ್ಟಿನ ತೂತುಗಳೇ ಹೊಂದುವುದಿಲ್ಲ.

ಮ್ಯಾಗ್ನೆಟ್ ಅಂಟದೆ, ಮುಚ್ಚಳ ತೆಗೆದು ಟಾರ್ಚ್ ಬಿಟ್ಟಾಗ ಒಳಗೋಡೆಯಲ್ಲಿ ಅಡ್ಡಾದಿಡ್ಡಿ ಎಳೆಗಳು ಕಂಡರೆ ಅದು ಫೈಬರ್. ಗಾಜಿನ ಎಳೆ ಮತ್ತು ರೆಸಿನ್ ಸೇರಿದ ಸಂಯುಕ್ತ ವಸ್ತು. ಈ ಲೇಖನ ಅದರದ್ದು.

ಗಾಜು ಗಟ್ಟಿ, ರೆಸಿನ್ ಹೀರುತ್ತದೆ

ಟ್ಯಾಂಕಿಗೆ ಬಲ ಕೊಡುವುದು ಗಾಜಿನ ಎಳೆ. ಇಂಧನ ಸೋರದಂತೆ ತಡೆಯುವುದು ರೆಸಿನ್. ಪೆಟ್ರೋಲಾಗಲಿ ಎಥನಾಲಾಗಲಿ ಗಾಜನ್ನು ಏನೂ ಮಾಡಲಾರವು. ಕೆಡುವುದು ರೆಸಿನ್, ಮತ್ತು ರೆಸಿನ್ ಗಾಜನ್ನು ಹಿಡಿದುಕೊಂಡಿರುವ ಜಾಗ.

ಗಟ್ಟಿಯಾದ ರೆಸಿನ್ ಅಂದರೆ ಉದ್ದದ ಅಣುಸರಪಳಿಗಳು ಅಲ್ಲಲ್ಲಿ ಗಂಟು ಬಿದ್ದು ಆದ ಬಲೆ. ಕಣ್ಣಿಗೆ ಗಾಜಿನಷ್ಟೇ ಬಿಗಿಯಾಗಿ ಕಂಡರೂ ಸರಪಳಿಗಳ ನಡುವೆ ಸಂದು ಇರುತ್ತದೆ. ಎಥನಾಲ್ ಸಣ್ಣ ಅಣು, ಸುಲಭವಾಗಿ ನುಸುಳುತ್ತದೆ. ಒಳಗೆ ನಡೆಯುವುದನ್ನು ರಾತ್ರಿ ನೆನೆಹಾಕಿದ ಅವರೆಕಾಳಿನಲ್ಲಿ ನೋಡಬಹುದು. ಬೆಳಗಾಗುವಷ್ಟರಲ್ಲಿ ಕಾಳು ಉಬ್ಬಿರುತ್ತದೆ, ಹಿಚುಕಿದರೆ ಸಿಪ್ಪೆ ಜಾರುತ್ತದೆ, ನೆನೆಸಿದ ನೀರಿಗೆ ಬಣ್ಣ ಬಂದಿರುತ್ತದೆ. ರೆಸಿನ್ನಿನಲ್ಲೂ ಈ ಮೂರೇ ಆಗುವುದು. ಮೊದಲು ಉಬ್ಬಿ ಮೆದುವಾಗುತ್ತದೆ. ಆಮೇಲೆ ಗಾಜಿನ ಎಳೆಯ ಮೇಲಿನ ಹಿಡಿತ ಸಡಿಲವಾಗಿ, ಎಳೆಯ ಗುಂಟ ಇಂಧನ ಹರಿಯಲು ದಾರಿಯಾಗುತ್ತದೆ. ಜೊತೆಜೊತೆಗೇ, ಗಂಟು ಬೀಳದೆ ಉಳಿದ ರೆಸಿನ್ನಿನ ಸಣ್ಣ ತುಣುಕುಗಳು ಕರಗಿ ಇಂಧನಕ್ಕೆ ಸೇರುತ್ತವೆ.

ಉಬ್ಬುವುದು ಒಂದು ಮಟ್ಟಕ್ಕೆ ಬಂದು ನಿಂತರೆ, ಒಣಗಿಸಿದಾಗ ಬಹುಪಾಲು ಮೊದಲಿನಂತಾಗುತ್ತದೆ. ಕರಗಿ ಹೋದದ್ದು ಮಾತ್ರ ಮರಳಿ ಬಾರದು.

ಇಂಧನ ಒಳಗಿಳಿಯಲು ತೆಗೆದುಕೊಳ್ಳುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 3 ಮಿ.ಮೀ. ಗೋಡೆಯನ್ನು 6 ಮಿ.ಮೀ. ಮಾಡಿದರೆ ನಾಲ್ಕು ಪಟ್ಟು ಹೊತ್ತು ಬೇಕು. ತೂಕ ಉಳಿಸಲು ಮ್ಯಾಟ್ ಎಂಬ ಗಾಜಿನ ಎಳೆಯ ಹಾಳೆಗಳನ್ನು ಎರಡೇ ಹಾಕಿ ಮಾಡಿದ ಟ್ಯಾಂಕುಗಳು ಬೇಗ ಸೋರುವುದಕ್ಕೆ ಇದೂ ಒಂದು ಕಾರಣ.

20 ಭಾಗ ಎಥನಾಲ್ ಯಾಕೆ ಇಷ್ಟು ಕಾಡುತ್ತದೆ?

ಎಥನಾಲ್ ಹೆಚ್ಚಾದಷ್ಟೂ ಹಾನಿ ಹೆಚ್ಚು ಅನ್ನಿಸುವುದು ಸಹಜ. ಆದರೆ ಎಷ್ಟೋ ರಬ್ಬರು, ಪ್ಲಾಸ್ಟಿಕ್ಕುಗಳು ಶುದ್ಧ ಪೆಟ್ರೋಲಿನಲ್ಲೂ ಶುದ್ಧ ಎಥನಾಲಿನಲ್ಲೂ ಉಬ್ಬುವುದಕ್ಕಿಂತ ಹೆಚ್ಚಾಗಿ ನಡುವಿನ ಮಿಶ್ರಣದಲ್ಲಿ, ಹೆಚ್ಚುಕಡಿಮೆ 10ರಿಂದ 25 ಶೇಕಡಾದ ಆಸುಪಾಸಿನಲ್ಲಿ, ಉಬ್ಬುತ್ತವೆ.

ಕಾರಣ ಹೀಗೆ. ಒಂದು ದ್ರವ ಒಂದು ಘನವಸ್ತುವಿನೊಳಗೆ ಎಷ್ಟು ಸಲೀಸಾಗಿ ಸೇರುತ್ತದೆ ಎಂದು ಅಂದಾಜಿಸಲು ರಸಾಯನಶಾಸ್ತ್ರದಲ್ಲಿ ಸಾಲ್ಯುಬಿಲಿಟಿ ಪ್ಯಾರಾಮೀಟರ್ ಎಂಬ ಅಂಕಿ ಬಳಸುತ್ತಾರೆ. ಎರಡರ ಅಂಕಿ ಹತ್ತಿರವಿದ್ದರೆ ಅವು ಬೆರೆಯುತ್ತವೆ. ಪೆಟ್ರೋಲಿನಲ್ಲಿರುವ ಐಸೋಆಕ್ಟೇನ್‌ನದು ಸುಮಾರು 14, ಟಾಲುಯಿನ್‌ನದು 18, ಎಥನಾಲಿನದು 26. ಟ್ಯಾಂಕಿಗೆ ಬಳಸುವ ರೆಸಿನ್ನುಗಳದು ಪೆಟ್ರೋಲಿಗೂ ಎಥನಾಲಿಗೂ ನಡುವೆ, 20ರ ಹತ್ತಿರ. ಪೆಟ್ರೋಲ್ ಒಂದೇ ಇದ್ದಾಗ ಅಂಕಿ ತೀರ ಕೆಳಗೆ, ಎಥನಾಲ್ ಒಂದೇ ಇದ್ದರೆ ತೀರ ಮೇಲೆ. ಎರಡೂ ಬೆರೆತಾಗ ರೆಸಿನ್ನಿನ ಹತ್ತಿರ ಬರುತ್ತದೆ. ಎಥನಾಲ್ ರೆಸಿನ್ನಿನ ಸರಪಳಿಗಳನ್ನು ಸಡಿಲಿಸುತ್ತದೆ, ತೆರೆದ ಸಂದಿನಲ್ಲಿ ಟಾಲುಯಿನ್ ನುಗ್ಗುತ್ತದೆ. ಈ ಎರಡರ ಜೋಡಿಯೇ ಅಪಾಯಕಾರಿ. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಬಳಸುವ ಫ್ಯೂಯೆಲ್ ಸಿ ಎಂಬ ದ್ರವ ಅರ್ಧ ಐಸೋಆಕ್ಟೇನ್, ಅರ್ಧ ಟಾಲುಯಿನ್. ಅದಕ್ಕೆ ಎಥನಾಲ್ ಬೆರೆಸಿ, ಕಠಿಣ ಪರೀಕ್ಷೆ ಬೇಕಾದಾಗ ಒಂದಿಷ್ಟು ನೀರು, ಉಪ್ಪು, ಆಮ್ಲವನ್ನೂ ಸೇರಿಸುತ್ತಾರೆ.

ನೀರು ಸೇರಿದರೆ ತಳವೇ ಮೊದಲು ಕೆಡುತ್ತದೆ

ಬರೀ ಪೆಟ್ರೋಲಿಗೆ ನೀರು ಬೆರೆಯುವುದಿಲ್ಲ. ಎಥನಾಲ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಒಂದು ಮಿತಿಯವರೆಗೆ. 10 ಶೇಕಡಾ ಎಥನಾಲ್ ಇರುವ ಪೆಟ್ರೋಲ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರು ಲೀಟರಿಗೆ ಸುಮಾರು ಅರ್ಧ ಲೀಟರ್ ನೀರು ತಡೆಯುತ್ತದೆ. 15 ಲೀಟರ್ ಟ್ಯಾಂಕಿಗೆ ಲೆಕ್ಕ ಹಾಕಿದರೆ 75 ಮಿ.ಲೀ., ಒಂದು ಕಾಫಿ ಲೋಟಕ್ಕಿಂತ ಕಡಿಮೆ. ಇ20ರ ಮಿತಿ ಇದಕ್ಕಿಂತ ಹೆಚ್ಚು. ಚಳಿ ಹೆಚ್ಚಿದಂತೆ ಮಿತಿ ಇಳಿಯುತ್ತದೆ.

ಮಿತಿ ಮೀರಿದ ಕೂಡಲೇ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಆಗ ಟ್ಯಾಂಕಿನ ತಳಕ್ಕೆ ತಾಗುವುದು 20 ಶೇಕಡಾ ಎಥನಾಲ್ ಅಲ್ಲ, ಬಹುಪಾಲು ಎಥನಾಲೇ ಇರುವ ನೀರುನೀರಾದ ಪದರ. ಪಾಲಿಯೆಸ್ಟರ್ ರೆಸಿನ್ನಿನ ಅಣುಸರಪಳಿಯನ್ನು ಜೋಡಿಸುವ ಎಸ್ಟರ್ ಎಂಬ ಕೊಂಡಿಗಳನ್ನು ನೀರು ನಿಧಾನವಾಗಿ ಕತ್ತರಿಸುತ್ತದೆ. ಜೊತೆಗೆ ಆಮ್ಲವಿದ್ದರೆ ಬೇಗ. ಹಾಗಾಗಿ ಹಳೆಯ ಟ್ಯಾಂಕನ್ನು ಪರೀಕ್ಷಿಸುವಾಗ ಗೋಡೆಗಿಂತ ಮೊದಲು ತಳವನ್ನು, ಅದರಲ್ಲೂ ಪೆಟ್ರೋಲ್ ಕಾಕ್ ಕೂರುವ ಜಾಗವನ್ನು ನೋಡಬೇಕು.

ಗಾಳಿಕಂಡಿಯಿಂದ ಬರುವ ತೇವದಿಂದಲೇ ಇಷ್ಟು ನೀರು ಸೇರಲು ಬಹಳ ಕಾಲ ಬೇಕು. ನಿಜವಾದ ದಾರಿ ಮುಚ್ಚಳ. ಮಳೆಗಾಲದಲ್ಲಿ ಹೊರಗೆ ನಿಂತ ಗಾಡಿಯ ಮುಚ್ಚಳದ ರಬ್ಬರ್ ಒಣಗಿ ಸೀಳಿದ್ದರೆ ಒಂದೇ ರಾತ್ರಿ ಸಾಕು.

ಅಮೆರಿಕದ ದೋಣಿಗಳಲ್ಲಿ ಆದದ್ದು

ನ್ಯೂಯಾರ್ಕ್ ಮತ್ತು ಕನೆಕ್ಟಿಕಟ್ ರಾಜ್ಯಗಳು ಪೆಟ್ರೋಲಿಗೆ ಸೇರಿಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕವನ್ನು 2004ರ ಜನವರಿ 1ರಿಂದ ನಿಷೇಧಿಸಿದವು. ಅಂತರ್ಜಲ ಕೆಡುತ್ತಿತ್ತು ಎಂಬುದು ಕಾರಣ. ಬದಲಿಗೆ ಬಂದದ್ದು 10 ಶೇಕಡಾ ಎಥನಾಲ್. ಆ ನಡುವಿನ ಲಾಂಗ್ ಐಲೆಂಡ್ ಸೌಂಡ್ ಕೊಲ್ಲಿಯಲ್ಲಿ 1960, 70ರ ದಶಕಗಳ ಐಷಾರಾಮಿ ಮೋಟಾರು ದೋಣಿಗಳು ಬಹಳಷ್ಟಿದ್ದವು. ಅವುಗಳ ಒಡಲಿನಲ್ಲೇ ದೊಡ್ಡ ಫೈಬರ್ ಟ್ಯಾಂಕುಗಳು. ದಶಕಗಟ್ಟಲೆ ಪೆಟ್ರೋಲ್ ತಡೆದಿದ್ದ ಟ್ಯಾಂಕುಗಳವು.

ಕೆಲವು ಸೋರತೊಡಗಿದವು. ಆದರೆ ಬಹಳ ಜನಕ್ಕೆ ಮೊದಲು ಗೊತ್ತಾದದ್ದು ಎಂಜಿನ್ ಕೆಟ್ಟಾಗ. ಇನ್‌ಟೇಕ್ ವಾಲ್ವುಗಳ ಮೇಲೆ ಡಾಂಬರಿನಂಥ ಕಪ್ಪು ಅಂಟು ಕೂತು, ವಾಲ್ವು ಗೈಡಿನಲ್ಲಿ ಸಿಕ್ಕಿಕೊಂಡು, ಪುಶ್ ರಾಡ್ ಬಾಗಿಹೋಗಿತ್ತು. ಫಿಲ್ಟರ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಕರಗಿದ ರೆಸಿನ್ ಪೆಟ್ರೋಲಿನೊಂದಿಗೆ ಒಂದಾಗಿರುತ್ತದೆ, ಫಿಲ್ಟರಿನ ಕಾಗದ ಅದನ್ನು ಹಿಡಿಯಲಾರದು. ಬಿಸಿ ವಾಲ್ವಿನ ಮೇಲೆ ಪೆಟ್ರೋಲ್ ಆವಿಯಾದಾಗಷ್ಟೇ ರೆಸಿನ್ ಹಿಂದೆ ಉಳಿದು ಅಂಟಿಕೊಳ್ಳುತ್ತದೆ. ಟ್ಯಾಂಕ್ ಹೊರತೆಗೆಯಲು ಎಷ್ಟೋ ದೋಣಿಗಳ ಡೆಕ್ಕನ್ನೇ ಕೊಯ್ಯಬೇಕಾಯಿತು.

ಎಲ್ಲ ಫೈಬರ್ ಟ್ಯಾಂಕುಗಳೂ ಹೀಗಾಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮದ್ಯಸಾರ ತಡೆಯುವಂತೆ ರೆಸಿನ್ ಆರಿಸಿ ಮಾಡಿದ ಫೈಬರ್ ಟ್ಯಾಂಕುಗಳು ಅದೇ ದೇಶದ ಬಂಕುಗಳಲ್ಲಿ ನೆಲದಡಿ ಎಥನಾಲ್ ಪೆಟ್ರೋಲನ್ನು ಹಿಡಿದಿಟ್ಟುಕೊಂಡಿವೆ. ಅಂಥವುಗಳಿಗೆ ಅಲ್ಲಿ ಯುಎಲ್ 1316 ಎಂಬ ಪ್ರತ್ಯೇಕ ಮಾನದಂಡವೇ ಇದೆ.

ರೆಸಿನ್ನುಗಳಲ್ಲಿ ಯಾವುದು ಹೇಗೆ

ಅಂಗಡಿಯಲ್ಲಿ ಅಗ್ಗವಾಗಿ ಸಿಗುವುದು ಜಿಪಿ ರೆಸಿನ್. ಇದು ಆರ್ಥೋಥ್ಯಾಲಿಕ್ ಪಾಲಿಯೆಸ್ಟರ್. ಮಡ್‌ಗಾರ್ಡ್, ಸೀಟಿನ ಹಿಂಬದಿ, ಛಾವಣಿ ಶೀಟಿಗೆ ಸರಿ. ಸರಪಳಿಯ ಉದ್ದಕ್ಕೂ ಎಸ್ಟರ್ ಕೊಂಡಿಗಳಿರುವುದರಿಂದ ಇ20ಗೆ ಇದು ಬೇಡವೇ ಬೇಡ. ಐಸೋ ರೆಸಿನ್, ಅಂದರೆ ಐಸೋಥ್ಯಾಲಿಕ್, ಇದಕ್ಕಿಂತ ಮೇಲು. ಬಲೆ ಹೆಚ್ಚು ಒತ್ತಾಗಿರುತ್ತದೆ. ಆದರೂ ತಿಂಗಳುಗಟ್ಟಲೆ ಇಂಧನ ನಿಲ್ಲುವ ಕಡೆ ನೆಚ್ಚಿಕೊಳ್ಳುವಂಥದ್ದಲ್ಲ.

ವಿನೈಲ್ ಎಸ್ಟರ್‌ನಲ್ಲಿ ಎಸ್ಟರ್ ಕೊಂಡಿಗಳು ಸರಪಳಿಯ ತುದಿಗಳಲ್ಲಿ ಮಾತ್ರ, ಸಂಖ್ಯೆಯೂ ಕಡಿಮೆ. ಅದರಲ್ಲೂ ನೊವೊಲಾಕ್ ವಿನೈಲ್ ಎಸ್ಟರ್ ಎಂಬ ಬಗೆಯ ಬಲೆ ಬಹಳ ಬಿಗಿ. ಹೊಸ ಟ್ಯಾಂಕಿಗೆ ಇದನ್ನೇ ಕೇಳಬೇಕು. ಕೊಳ್ಳುವಾಗ ಆ ಗ್ರೇಡಿನ ರಾಸಾಯನಿಕ ನಿರೋಧ ಪಟ್ಟಿಯಲ್ಲಿ ಎಥನಾಲ್ ಬೆರೆತ ಗ್ಯಾಸೊಲೀನ್ ಎಂಬ ಸಾಲು ಇದೆಯೇ ನೋಡಿ. ಬರೀ ಗ್ಯಾಸೊಲೀನ್ ಎಂದಿದ್ದರೆ ಸಾಲದು.

ಅಮೀನ್ ಹಾರ್ಡನರ್ ಹಾಕಿದ ಎಪಾಕ್ಸಿಯಲ್ಲಿ ಎಸ್ಟರ್ ಕೊಂಡಿಯ ತೊಂದರೆ ಇಲ್ಲ. ಆದರೆ ಕೋಣೆಯ ತಾಪದಲ್ಲೇ ಗಟ್ಟಿಯಾದ ಎಪಾಕ್ಸಿ 50ರಿಂದ 70 ಡಿಗ್ರಿಯಲ್ಲೇ ಮೆದುವಾಗತೊಡಗುತ್ತದೆ, ಎಥನಾಲ್ ಹೀರಿದ ಮೇಲೆ ಇನ್ನೂ ಕೆಳಗೆ. ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ನಿಂತ ಕಪ್ಪು ಟ್ಯಾಂಕು ಆ ಮಟ್ಟಕ್ಕೆ ಸುಲಭವಾಗಿ ತಲುಪುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿಯುವ ಅಭ್ಯಾಸವೂ ಇದೆ. ಎಪಾಕ್ಸಿಯಲ್ಲಿ ಹೆಚ್ಚಾದ ಹಾರ್ಡನರ್ ಬಲೆಗೆ ಸೇರದೆ ಉಳಿದು, ಆಮೇಲೆ ಇಂಧನಕ್ಕೆ ಕರಗಿ ಬರುತ್ತದೆ.

ಕಿಟ್ ವಿಮಾನಗಳಲ್ಲಿ ಇನ್ನೊಂದು ಅಪಾಯ. ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಜಿಯಂಥ ವಿಮಾನಗಳ ರೆಕ್ಕೆಯೊಳಗೆ ಪಾಲಿಸ್ಟೈರೀನ್ ಫೋಮ್ ಇರುತ್ತದೆ, ಪಕ್ಕದಲ್ಲೇ ಫೈಬರ್ ಟ್ಯಾಂಕು. ಪಾಲಿಸ್ಟೈರೀನ್ ಪೆಟ್ರೋಲಿನಲ್ಲಿ ನಿಂತ ನಿಲುವಿನಲ್ಲೇ ಕರಗುತ್ತದೆ. ಹೀಗಾಗಿ ಟ್ಯಾಂಕಿನ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಅದು ಬರೀ ಸೋರಿಕೆಯಾಗಿ ಉಳಿಯುವುದಿಲ್ಲ.

ಒಳಮೈ ಹಸಿಯಾಗಿ ಉಳಿಯುವ ತೊಂದರೆ

ಒಳ್ಳೆಯ ರೆಸಿನ್ ತಂದರೂ ಕೆಲಸ ಕೆಡುವುದು ಇಲ್ಲಿ. ಪಾಲಿಯೆಸ್ಟರ್ ಮತ್ತು ವಿನೈಲ್ ಎಸ್ಟರ್ ಗಾಳಿ ತಾಗುವ ಮೈಯಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ. ಆಮ್ಲಜನಕ ಆ ಕ್ರಿಯೆಯನ್ನು ತಡೆಯುತ್ತದೆ, ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಈಗ ಟ್ಯಾಂಕು ಮಾಡುವ ಕ್ರಮ ನೆನಪಿಸಿಕೊಳ್ಳಿ. ಅಚ್ಚಿಗೆ ಮೊದಲು ಹೊರಮೈಯಾಗುವ ಜೆಲ್‌ಕೋಟ್ ಎಂಬ ಲೇಪ, ಅದರ ಮೇಲೆ ಮ್ಯಾಟ್, ರೆಸಿನ್. ಅಚ್ಚಿಗೆ ತಾಗಿದ ನುಣುಪು ಮೈ ಹೊರಗೆ ಬರುತ್ತದೆ, ಗಾಳಿಗೆ ತೆರೆದಿದ್ದ ಮೈ ಟ್ಯಾಂಕಿನ ಒಳಗೋಡೆಯಾಗುತ್ತದೆ. ಅಂದರೆ ಎಲ್ಲಕ್ಕಿಂತ ಹಸಿಯಾದ ಭಾಗವೇ ಇಂಧನಕ್ಕೆ ಎದುರಾಗಿ ನಿಲ್ಲುತ್ತದೆ.

ಇದಕ್ಕೆ ಪರಿಹಾರ, ಒಳಗಿನ ಕೊನೆಯ ಪದರಕ್ಕೆ ಪ್ಯಾರಾಫಿನ್ ಮೇಣ ಬೆರೆತ ರೆಸಿನ್ ಹಚ್ಚುವುದು. ಗಟ್ಟಿಯಾಗುವಾಗ ಮೇಣ ಮೇಲೆ ಬಂದು ಗಾಳಿಯನ್ನು ತಡೆಯುತ್ತದೆ. ಆದರೆ ಎರಡು ಭಾಗ ಜೋಡಿಸುವ ಅಂಚಿಗೆ ಮೇಣ ತಾಗಬಾರದು, ಅಲ್ಲಿ ಮುಂದಿನ ರೆಸಿನ್ ಹಿಡಿಯುವುದಿಲ್ಲ. ಅಂಚನ್ನು ಉಜ್ಜಿಯೇ ಜೋಡಿಸಬೇಕು.

ಇಂಧನದ ಕಡೆಯ ಪದರಗಳಲ್ಲಿ ರೆಸಿನ್ ಹೆಚ್ಚು, ಗಾಜು ಕಡಿಮೆ ಇರಬೇಕು. ಕೈಗಾರಿಕಾ ಟ್ಯಾಂಕುಗಳಲ್ಲಿ ಒಳಮೈಗೆ ತೆಳುವಾದ ಸರ್ಫೇಸ್ ಟಿಶ್ಯೂ, ಅದರ ಬೆನ್ನಿಗೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಎರಡು ಪದರ, ಆಮೇಲೆ ಬಲಕ್ಕೆ ನೇಯ್ದ ರೋವಿಂಗ್, ಅಂದರೆ ಗಾಜಿನ ಎಳೆಯ ಬಟ್ಟೆ, ಹಾಕುತ್ತಾರೆ. ನೇಯ್ದ ಬಟ್ಟೆಯನ್ನು ಒಳಮೈಗೇ ತಂದರೆ ಅದರ ಎಳೆಗಳ ಗುಂಟ ಇಂಧನ ಹೊರಗಿನವರೆಗೂ ನಡೆದುಬಿಡುತ್ತದೆ.

ರೆಸಿನ್ ಗಟ್ಟಿಯಾಗಲು ಬೆರೆಸುವ ಎಂಇಕೆಪಿ ಕ್ಯಾಟಲಿಸ್ಟ್ ಸಾಮಾನ್ಯವಾಗಿ ಕಿಲೋ ರೆಸಿನ್ನಿಗೆ 10ರಿಂದ 20 ಮಿ.ಲೀ. ಆ ಕ್ರಿಯೆಗೆ ವೇಗ ಕೊಡುವ ಕೋಬಾಲ್ಟ್ ಆಕ್ಸಿಲರೇಟರನ್ನೂ ಎಂಇಕೆಪಿಯನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು, ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿ ಕಲೆಸಿದ ಮೇಲೆಯೇ ಎಂಇಕೆಪಿ. ಒಂದು ದಿನ ಬಿಟ್ಟು, ರೆಸಿನ್ ಕಂಪನಿ ಹೇಳಿದಷ್ಟು ಹೊತ್ತು 80 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ರೆಸಿನ್ನಿನಲ್ಲಿ ಗಂಟು ಬೀಳದೆ ಉಳಿದ ಸ್ಟೈರೀನ್ ಎಂಬ ದ್ರವ ಕೂಡ ಬಲೆಗೆ ಸೇರುತ್ತದೆ. ಕಾಯಿಸುವುದು ಹೊಸ ಟ್ಯಾಂಕಿಗೆ ಮಾತ್ರ. ಒಮ್ಮೆ ಪೆಟ್ರೋಲ್ ಕಂಡದ್ದನ್ನು ಓವನ್ನಿಗೆ ಇಡಬಾರದು.

ಗಟ್ಟಿಯಾಗಿದೆಯೇ ಎಂದು ತಿಳಿಯಲು ಒಳಮೈ ಮೇಲೆ ನಾಲ್ಕು ಹನಿ ಅಸಿಟೋನ್ ಹಾಕಿ ಬೆರಳಿನಿಂದ ಉಜ್ಜಿ. ಆರಿದ ಮೇಲೆ ಅಂಟಿದರೆ ಹಸಿ. ಗಡಸುತನ ಅಳೆಯುವ ಬಾರ್ಕೋಲ್ ಮೀಟರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಚೆನ್ನಾಗಿ ಗಟ್ಟಿಯಾದ ವಿನೈಲ್ ಎಸ್ಟರ್ 35ರ ಹತ್ತಿರ ತೋರಿಸುತ್ತದೆ.

ಚೂರು ಮುಳುಗಿಸಿ ಪರೀಕ್ಷಿಸುವುದು

ಕೈಗಾರಿಕೆಯಲ್ಲಿ ಎಎಸ್‌ಟಿಎಂ ಸಿ581 ಎಂಬ ಕ್ರಮದಂತೆ ಲ್ಯಾಮಿನೇಟ್, ಅಂದರೆ ಗಾಜು-ರೆಸಿನ್ ಪದರಗಳ, ಚೂರುಗಳನ್ನು ದ್ರವದಲ್ಲಿ ವರ್ಷದವರೆಗೂ ಮುಳುಗಿಸಿಟ್ಟು ತೂಕ, ಗಡಸುತನ, ಬಾಗುವ ಬಲ ಅಳೆಯುತ್ತಾರೆ. ಸಣ್ಣ ವರ್ಕ್‌ಶಾಪಿನಲ್ಲೂ ಇದರ ಸರಳ ರೂಪ ಸಾಧ್ಯ. ಟ್ಯಾಂಕು ಮಾಡುವ ದಿನವೇ, ಅದೇ ಡಬ್ಬದ ರೆಸಿನ್, ಅದೇ ಮ್ಯಾಟ್‌ನಿಂದ 75 ಮಿ.ಮೀ. ಉದ್ದ, 25 ಅಗಲ, 3 ದಪ್ಪದ ಮೂರು ಚೂರು ಮಾಡಿ. ಕೊಯ್ದ ಅಂಚಿಗೆ ರೆಸಿನ್ ಹಚ್ಚಿ. ಇಲ್ಲವಾದರೆ ಬಯಲಾದ ಎಳೆಗಳಿಂದ ಇಂಧನ ನುಗ್ಗಿ ಫಲಿತಾಂಶ ತಪ್ಪುತ್ತದೆ. ಒಂದು ಚೂರು ಸುಮಾರು 8 ಗ್ರಾಂ ತೂಗುತ್ತದೆ. ಅದರ ಒಂದು ಶೇಕಡಾ ಅಂದರೆ 0.08 ಗ್ರಾಂ, ಹಾಗಾಗಿ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು.

ಒಂದು ಚೂರನ್ನು ಹಾಗೇ ಇಡಿ. ಎರಡನೆಯದನ್ನು ಗಾಜಿನ ಜಾರಿನಲ್ಲಿ ಕಾಲು ಲೀಟರ್ ಇ20ಯಲ್ಲಿ ಮುಳುಗಿಸಿ. ಮೂರನೆಯ ಚೂರಿನ ಜಾರಿಗೆ ಅಷ್ಟೇ ಇ20, ಜೊತೆಗೆ 12 ಮಿ.ಲೀ. ನೀರು ಹಾಕಿ ಕುಲುಕಿ. ಪದರ ಬೇರೆಯಾಗಿ, ನಿಲ್ಲಿಸಿದ ಚೂರಿನ ಬುಡ ಎಥನಾಲ್-ನೀರಿನಲ್ಲಿ ಇರುತ್ತದೆ. ಜಾರಿನ ಮೇಲ್ಭಾಗ ಸ್ವಲ್ಪ ಖಾಲಿ ಬಿಡಿ. ಮನೆಯೊಳಗೆ ಬೇಡ, ಬೆಂಕಿ, ಸ್ವಿಚ್ಚು, ಬಿಸಿಲಿನಿಂದ ದೂರ ನೆರಳಿನಲ್ಲಿಡಿ.

1, 3, 7, 14, 28, 60, 90ನೇ ದಿನ ಹೊರತೆಗೆದು, ಬಟ್ಟೆಯಿಂದ ಒರೆಸಿ, ತಕ್ಷಣ ತೂಗಿ ಮತ್ತೆ ಮುಳುಗಿಸಿ. ತೂಕ ಏರಿ ಒಂದು ಮಟ್ಟದಲ್ಲಿ ನಿಂತರೆ ಲಕ್ಷಣ ಒಳ್ಳೆಯದು. ಏರುತ್ತಲೇ ಹೋದರೆ ಬಲೆ ಸಡಿಲ. ಏರಿ ಆಮೇಲೆ ಇಳಿದರೆ ರೆಸಿನ್ ಕರಗುತ್ತಿದೆ. ಕೊನೆಗೆ ಎರಡು ವಾರ ಗಾಳಿಯಲ್ಲಿ ಒಣಗಿಸಿ ತೂಗಿದಾಗ ಮೊದಲಿಗಿಂತ ಕಡಿಮೆ ಬಂದರೆ, ಆ ವ್ಯತ್ಯಾಸವೇ ಇಂಧನಕ್ಕೆ ಹೋದ ರೆಸಿನ್.

ತೂಕದಷ್ಟೇ ಬಿಗಿಯೂ ಮುಖ್ಯ. ಒಣಗಿಸುವ ಮೊದಲೇ ಚೂರಿನ 20 ಮಿ.ಮೀ. ಭಾಗವನ್ನು ವೈಸಿನಲ್ಲಿ ಹಿಡಿದು, ತುದಿಗೆ 2 ಕೆ.ಜಿ. ತೂಗುಹಾಕಿ ಎಷ್ಟು ಬಾಗಿತು ಅಳೆಯಿರಿ. ಮುಳುಗಿಸದ ಚೂರು ಸುಮಾರು 3 ಮಿ.ಮೀ. ಬಾಗುತ್ತದೆ. ಮುಳುಗಿದ್ದು ಅದರ ಎರಡರಷ್ಟು ಬಾಗಿದರೆ ಬಿಗಿ ಅರ್ಧಕ್ಕಿಳಿದಿದೆ ಎಂದರ್ಥ, ಆ ರೆಸಿನ್ ಟ್ಯಾಂಕಿಗೆ ಆಗದು.

ಬಳಕೆಯಲ್ಲಿರುವ ಟ್ಯಾಂಕಿನ ಲಕ್ಷಣಗಳು

ಹನಿ ಬೀಳದೆಯೂ ಶೆಡ್ಡಿನಲ್ಲಿ ಪೆಟ್ರೋಲ್ ವಾಸನೆ, ಟ್ಯಾಂಕಿನ ಕೆಳಬದಿಯಲ್ಲೋ ಜೋಡಣೆಯ ಗೆರೆಯಲ್ಲೋ ಪೇಂಟು ಗುಳ್ಳೆಯೇಳುವುದು, ಮುಚ್ಚಳ ಬಿಗಿಯಾಗುವುದು, ಕಾರ್ಬುರೇಟರಿನ ಬೌಲಿನಲ್ಲಿ ಕಂದು ಅಂಟು. ಇವು ಕಂಡರೆ ಹೀಗೆ ನೋಡಿ. ಟ್ಯಾಂಕಿನಲ್ಲಿ ಎರಡು ವಾರ ನಿಂತ ಇಂಧನದಿಂದ 20 ಮಿ.ಲೀ. ಒಂದು ಗಾಜಿನ ತಟ್ಟೆಗೆ, ಬಂಕಿನಿಂದ ತಂದ ಹೊಸ ಪೆಟ್ರೋಲ್ ಅಷ್ಟೇ ಇನ್ನೊಂದಕ್ಕೆ ಹಾಕಿ, ಬಯಲಿನಲ್ಲಿ ಬೆಂಕಿಯಿಂದ ದೂರವಿಟ್ಟು ಆರಲು ಬಿಡಿ. ಮೊದಲ ತಟ್ಟೆಯಲ್ಲಿ ಮಾತ್ರ ಅಂಟಿನ ಪೊರೆ ಉಳಿದರೆ ಟ್ಯಾಂಕು ಕರಗುತ್ತಿದೆ. ಅಂಥ ಟ್ಯಾಂಕಿನಲ್ಲಿ ಎಂಜಿನ್ ಓಡಿಸುವುದನ್ನು ಅಂದೇ ನಿಲ್ಲಿಸಬೇಕು.

ಒಳಗೆ ಕೋಟಿಂಗ್ ಹಚ್ಚಿದರೆ?

ಎಥನಾಲ್ ತಡೆಯುವ ನೊವೊಲಾಕ್ ಎಪಾಕ್ಸಿ ಲೈನರುಗಳು ಸಿಗುತ್ತವೆ. ಹೊಸ, ಒಣ ಟ್ಯಾಂಕಿಗೆ ಅವು ಉಪಯುಕ್ತ. ಆದರೆ ವರ್ಷಗಟ್ಟಲೆ ಇಂಧನ ಕುಡಿದ ಗೋಡೆಗೆ ಹಚ್ಚಿದರೆ, ಒಳಗಿನಿಂದ ಹೊರಬರುವ ಆವಿ ಅದನ್ನು ಎಬ್ಬಿಸುತ್ತದೆ. ಕಿತ್ತುಬಂದ ಹಾಳೆಗಳು ಪೆಟ್ರೋಲ್ ಕಾಕನ್ನು ಮುಚ್ಚುತ್ತವೆ. ಎಥನಾಲ್ ಬರುವ ಮುಂಚಿನ ಕಾಲದ ಕೆಲವು ಸೀಲರುಗಳಂತೂ ಮದ್ಯಸಾರದಲ್ಲೇ ಕರಗುತ್ತವೆ. ಮೆದುವಾದ ಜಿಪಿ ರೆಸಿನ್ ಟ್ಯಾಂಕಿಗೆ ಲೈನರ್ ಹಾಕಿ ಉಳಿಸುವ ಪ್ರಯತ್ನಕ್ಕಿಂತ ಅದೇ ಆಕಾರದ ಅಲ್ಯೂಮಿನಿಯಂ ಅಥವಾ ಉಕ್ಕಿನ ಟ್ಯಾಂಕು ಮಾಡಿಸುವುದು ಮೇಲು. ಫೈಬರ್ ನೋಟವೇ ಬೇಕಿದ್ದರೆ ಹಳೆಯದನ್ನು ಮೇಲ್ಕವಚವಾಗಿ ಇಟ್ಟು ಒಳಗೆ ಲೋಹದ ಚಿಕ್ಕ ಟ್ಯಾಂಕು ಕೂರಿಸಬಹುದು.

ಹಾಗೆ ಮಾಡಲು ಹಳೆಯ ಟ್ಯಾಂಕನ್ನು ಕೊಯ್ಯಬೇಕಾಗುತ್ತದೆ. ಇಂಧನ ಸುರಿದು ತೊಳೆದ ಮಾತ್ರಕ್ಕೆ ಅದು ಸುರಕ್ಷಿತವಲ್ಲ. ಗೋಡೆ ಹೀರಿಕೊಂಡ ಪೆಟ್ರೋಲ್ ದಿನಗಟ್ಟಲೆ ಆವಿಯಾಗಿ ಒಳಗೆ ತುಂಬುತ್ತಲೇ ಇರುತ್ತದೆ, ಗ್ರೈಂಡರಿನ ಒಂದು ಕಿಡಿ ಸಾಕು. ಮುಚ್ಚಳ, ಕಾಕ್ ಎರಡೂ ತೆಗೆದು ವಾರಗಟ್ಟಲೆ ಗಾಳಿಯಾಡಲು ಬಿಟ್ಟು, ಕೊಯ್ಯುವಾಗ ಟ್ಯಾಂಕಿಗೆ ನೀರು ತುಂಬಿಸಿಕೊಂಡು, ಕೊಯ್ಯುವ ಗೆರೆಗಿಂತ ಸ್ವಲ್ಪವೇ ಕೆಳಗೆ ನೀರಿನ ಮಟ್ಟ ಇರುವಂತೆ ನೋಡಿಕೊಂಡು, ಕೈಗರಗಸದಿಂದಲೇ ಕೊಯ್ಯಬೇಕು.